ಗಾಳಿಯಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ: ಸ್ಥಳದಲ್ಲೇ ಪತ್ತೆ ಹಚ್ಚುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಗ್ರಂಥಾಲಯ, ಶಾಲೆ, ಕುಟುಂಬಶ್ರೀ ಸಭೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಜನ ಕೇಳುವ ಧಾಟಿಯಲ್ಲೇ ಇವೆ, ತಿದ್ದಲು ಹೋಗಿಲ್ಲ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡು ಸಾಲು ಸಾಕು.

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಅಂದರೆ ನಮ್ಮ ದೇಹಕ್ಕೆ ಮದ್ದು ನಾಟುವುದಿಲ್ಲ ಅಂತಲಾ?

ಅಲ್ಲ. ಮದ್ದು ನಾಟದಿರುವುದು ಬ್ಯಾಕ್ಟೀರಿಯಾಕ್ಕೆ, ನಿಮಗಲ್ಲ. ಜೀವಮಾನದಲ್ಲಿ ಒಂದೇ ಒಂದು ಆ್ಯಂಟಿಬಯಾಟಿಕ್ ನುಂಗದವರಿಗೂ ಬೇರೆಯವರಿಂದ ಇಂಥ ಬ್ಯಾಕ್ಟೀರಿಯಾ ತಗಲಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು, ಸಾಯುವಷ್ಟು ಮದ್ದು ಕೊಡದೆ ಸ್ವಲ್ಪ ಸ್ವಲ್ಪ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಇದರಿಂದಲೇ ಸತ್ತರು ಎಂಬ ಅಂದಾಜಿದೆ.

ಅವು ಗಾಳಿಯಲ್ಲಿ ಹಾರಾಡುತ್ತವಾ?

ಹಾರುವುದಿಲ್ಲ, ಸವಾರಿ ಮಾಡುತ್ತವೆ. ನಮ್ಮ ಚರ್ಮದಿಂದ ಉದುರುವ ಹೊಟ್ಟು, ಕೆಮ್ಮಿನ ಹನಿ, ಹಾಸಿಗೆ ಕೊಡವಿದಾಗ ಏಳುವ ಧೂಳು, ಕೋಳಿ ಶೆಡ್ಡಿನ ಹುಡಿ, ಇವೇ ವಾಹನ. ಜನ ತುಂಬಿದ ಕೋಣೆಯ ಗಾಳಿಯಲ್ಲಿ ಬ್ಯಾಕ್ಟೀರಿಯಾ ಇರುವುದು ಸಹಜ. ಅದರಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಕೊಡುವಂಥವಲ್ಲ.

ಹೊರಗಿನ ಬಿಸಿಲಿಗೆ, ಒಣ ಗಾಳಿಗೆ ತುಂಬಾ ಬ್ಯಾಕ್ಟೀರಿಯಾ ಬೇಗ ಸಾಯುತ್ತವೆ. ಆದರೆ ಎಲ್ಲವೂ ಅಲ್ಲ. ಸ್ಟಫೈಲೊಕಾಕಸ್, ಅಸಿನೆಟೊಬ್ಯಾಕ್ಟರ್ ಒಣಗಿದರೂ ತಡೆದುಕೊಳ್ಳುತ್ತವೆ. ಐಸಿಯುಗಳಲ್ಲಿ ತಲೆನೋವಾಗಿರುವುದು ಇಂಥವೇ. ಆದರೂ ಅವು ಹೆಚ್ಚಾಗಿ ಹರಡುವುದು ಕೈಯಿಂದ, ಮಂಚದ ಕಂಬಿಯಿಂದ, ಉಪಕರಣಗಳಿಂದ. ಗಾಳಿ ಎರಡನೆಯ ದಾರಿ.

ಕ್ಷಯದ ಕಥೆ ಬೇರೆ, ಅದು ಗಾಳಿಯಲ್ಲೇ ಹರಡುವ ರೋಗ. ಅಮೆರಿಕದ ಬಾಲ್ಟಿಮೋರಿನ ಒಂದು ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ವೆಲ್ಸ್ ಮತ್ತು ರೈಲಿ ಎಂಬ ವಿಜ್ಞಾನಿಗಳು ಕ್ಷಯ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲೆ ಹಾಯಿಸಿ, ಅಲ್ಲಿ ಗಿನಿಯಿಲಿಗಳನ್ನು ಸಾಕಿದರು. ರೋಗಿಗಳ ಹತ್ತಿರ ಸುಳಿಯದ ಇಲಿಗಳಿಗೂ ಕ್ಷಯ ಬಂತು. ಯುವಿ ಬೆಳಕು ಹಾಯಿಸಿದ ಗಾಳಿ ಉಸಿರಾಡಿದ ಇಲಿಗಳಿಗೆ ಬರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಅಂದರೆ, ಇಲಿಗೆ ಬಂದ ಬ್ಯಾಕ್ಟೀರಿಯಾ ಯಾವ ಯಾವ ಮದ್ದಿಗೆ ಬಗ್ಗುವುದಿಲ್ಲ ಎಂದು ನೋಡಿ, ಅದು ಯಾವ ರೋಗಿಯಿಂದ ಬಂದದ್ದು ಎಂದು ಹೊಂದಿಸಿದರು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಗಾಳಿಯಲ್ಲಿ ಪತ್ತೆ ಹಚ್ಚುವ ಉಪಕರಣ ಆಗ ಗಿನಿಯಿಲಿಯೇ ಆಗಿತ್ತು. ಉತ್ತರಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕಿತ್ತು.

ಎಂಡೋಸಲ್ಫಾನಿನ ಹಾಗೆ ಇದೂ ಒಂದು ದಿನ ನಮ್ಮ ಮೇಲೆ ಬಂದು ಬೀಳುವುದಾ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬಾರದ ಸಭೆ ಇಲ್ಲ. ಬರಬೇಕಾದದ್ದೇ. 1970ರ ದಶಕದ ಕೊನೆಯಿಂದ 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಎಣ್ಮಕಜೆ, ಪಡ್ರೆ ಕಡೆಯವರು ಮರೆಯುವಂತಿಲ್ಲ.

ಎರಡಕ್ಕೂ ವ್ಯತ್ಯಾಸ ಇದೆ. ಅದು ರಾಸಾಯನಿಕ. ಸುರಿದಷ್ಟೇ ಇರುತ್ತದೆ, ತಾನಾಗಿ ಹೆಚ್ಚುವುದಿಲ್ಲ. ಬ್ಯಾಕ್ಟೀರಿಯಾ ಹಾಗಲ್ಲ, ಅನುಕೂಲ ಸಿಕ್ಕಿದಲ್ಲಿ ಹೆಚ್ಚುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಮದ್ದನ್ನು ತಡೆದುಕೊಳ್ಳುವ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಲೂಬಹುದು. ಆಕಾಶದಿಂದ ಸುರಿಯುವ ಭಯ ಇಲ್ಲಿಲ್ಲ. ಭಯ ಪಡಬೇಕಾದದ್ದು ಮುಚ್ಚಿದ ಕೋಣೆಗಳಲ್ಲಿ.

ಆದರೆ ಒಂದು ವಿಷಯದಲ್ಲಿ ಆ ಅನುಭವ ಉಪಯೋಗಕ್ಕೆ ಬರುತ್ತದೆ. ಯಾರು ಅಳೆದರು, ಎಲ್ಲಿ ಅಳೆದರು, ಹೇಗೆ ಅಳೆದರು ಎಂದು ಕೇಳುವುದನ್ನು ನಮ್ಮವರು ಕಷ್ಟಪಟ್ಟು ಕಲಿತಿದ್ದಾರೆ. ಇಲ್ಲೂ ಅದನ್ನೇ ಕೇಳಬೇಕು.

ಈಗ ಗಾಳಿಯನ್ನು ಹೇಗೆ ಪರೀಕ್ಷೆ ಮಾಡುತ್ತಾರೆ?

ಅಗ್ಗದ ದಾರಿ ಎಂದರೆ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಎಂಬ ಲೋಳೆ ತುಂಬಿದ ತಟ್ಟೆಯನ್ನು ಬಾಯಿ ತೆರೆದು ಇಡುವುದು. ಒಂಬತ್ತು ಸೆಂಟಿಮೀಟರಿನ ತಟ್ಟೆ, ನೆಲದಿಂದ ಒಂದು ಮೀಟರ್ ಎತ್ತರ, ಗೋಡೆಯಿಂದ ಒಂದು ಮೀಟರ್ ದೂರ, ಒಂದು ಗಂಟೆ. ತಾನಾಗಿ ಬಿದ್ದದ್ದು ಬೆಳೆಯುತ್ತದೆ. ಎಷ್ಟು ಗಾಳಿಯಿಂದ ಬಿತ್ತು ಎಂದು ಮಾತ್ರ ಹೇಳಲಾಗುವುದಿಲ್ಲ.

ಇನ್ನೊಂದು, ಆಂಡರ್ಸನ್ ಇಂಪ್ಯಾಕ್ಟರ್. 1958ರಿಂದ ಇದೆ. ಒಂದರ ಮೇಲೊಂದು ಕೂತ ಆರು ಅಲ್ಯೂಮಿನಿಯಂ ಹಂತಗಳು, ಪ್ರತಿಯೊಂದರಲ್ಲೂ 400 ಸಣ್ಣ ತೂತು, ತೂತಿನ ಕೆಳಗೆ ಅಗಾರ್ ತಟ್ಟೆ. ಪಂಪು ನಿಮಿಷಕ್ಕೆ 28.3 ಲೀಟರ್ ಗಾಳಿ ಎಳೆಯುತ್ತದೆ. ದೊಡ್ಡ ಕಣ ಮೇಲಿನ ತಟ್ಟೆಗೆ ಬಡಿಯುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಸಣ್ಣದು ಕೆಳಗಿನದಕ್ಕೆ. ಮರುದಿನ ತಟ್ಟೆ ತೆರೆದರೆ ತೂತುಗಳ ವಿನ್ಯಾಸದಲ್ಲೇ ಸಾಲು ಸಾಲಾಗಿ ಚುಕ್ಕೆಗಳು. ನೋಡಲು ಬಲು ಚಂದ.

ತೊಂದರೆ ಇರುವುದು ಆಮೇಲೆ. ಬೆಳೆಯಲು ಒಂದು ದಿನ, ಒಂದೊಂದನ್ನೂ ಬೇರ್ಪಡಿಸಲು ಇನ್ನೊಂದು ದಿನ, ಯಾವ ಆ್ಯಂಟಿಬಯಾಟಿಕ್ ನಾಟುತ್ತದೆ ಎಂದು ನೋಡಲು ಮತ್ತೊಂದು ದಿನ. ಅಷ್ಟರಲ್ಲಿ ಆ ಗಾಳಿಯೂ ಇಲ್ಲ, ಆ ಹಾಸಿಗೆಯಲ್ಲಿದ್ದ ರೋಗಿಯೂ ಬೇರೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಇನ್ನೊಂದು ಕಿರಿಕಿರಿ ಉಂಟು. ತಟ್ಟೆಯ ತುಂಬಾ ಬೂಸ್ಟು ಬೆಳೆದು ಬ್ಯಾಕ್ಟೀರಿಯಾ ಕಾಣದ ಹಾಗೆ ಮುಚ್ಚಿಬಿಡುತ್ತದೆ. ಬೂಸ್ಟು ತಡೆಯುವ ಮದ್ದನ್ನು ಅಗಾರಿಗೆ ಮೊದಲೇ ಸೇರಿಸದಿದ್ದರೆ ಇಲ್ಲಿ ಮಳೆಗಾಲದ ಕೆಲಸ ದಂಡ.

ಹಾಗಾದರೆ "ಸ್ಥಳದಲ್ಲೇ, ಒಂದು ಗಂಟೆಯಲ್ಲಿ" ಅನ್ನುವುದು ಯಾವುದು?

ಬೆಳೆಸುವುದನ್ನು ಬಿಟ್ಟು ನೇರವಾಗಿ ಜೀನ್ ಹುಡುಕುವುದು. ಮದ್ದನ್ನು ತಡೆಯುವ ಜೀನ್‌ಗಳಿಗೆ ಹೆಸರುಗಳಿವೆ. ಮೆಕ್‌ಎ ಇದ್ದರೆ ಮೆಥಿಸಿಲಿನ್ ಜಾತಿಯ ಮದ್ದು ನಾಟದು. ಎನ್‌ಡಿಎಂ-1 ಇದ್ದರೆ ಕಾರ್ಬಪೆನೆಮ್ ನಾಟದು, ಅದು ಆಸ್ಪತ್ರೆಯವರು ಕೊನೆಗೆಂದು ಇಟ್ಟುಕೊಂಡ ಮದ್ದು.

ಜೀನನ್ನು ಮತ್ತೆ ಮತ್ತೆ ನಕಲು ಮಾಡಿ ಪತ್ತೆ ಹಚ್ಚುವ ಪಿಸಿಆರ್ ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೆ ಬಿಸಿ ಏರಿಸಿ ಇಳಿಸುವ ಯಂತ್ರ ಬೇಕು. ಲ್ಯಾಂಪ್ ಎಂಬ ಇನ್ನೊಂದು ವಿಧಾನವನ್ನು 2000ದಲ್ಲಿ ಜಪಾನಿನವರು ಪ್ರಕಟಿಸಿದರು. ಅದಕ್ಕೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕು. ಬ್ಯಾಟರಿಯಲ್ಲೇ ನಡೆಯುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಟ್ಯೂಬಿನ ಬಣ್ಣ ಗುಲಾಬಿಯಿಂದ ಹಳದಿಗೆ ತಿರುಗಿದರೆ ಜೀನ್ ಇದೆ ಎಂದರ್ಥ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ನ್ಯಾನೊಪೋರ್ ಯಂತ್ರಗಳೂ ಬಂದಿವೆ, ಡಿಎನ್‌ಎಯನ್ನು ಅಲ್ಲೇ ಓದುತ್ತವೆ. ಆದರೆ ಅವಕ್ಕೆ ಬೇಕಾದಷ್ಟು ಡಿಎನ್‌ಎ ಗಾಳಿಯಲ್ಲಿ ಸಿಗುವುದೇ ಕಷ್ಟ.

ಒಂದು ಗಂಟೆಯಲ್ಲಿ ಉತ್ತರ ಬಂತಲ್ಲ, ಸಮಸ್ಯೆ ಮುಗಿಯಿತು ಅಲ್ವಾ?

ಇಲ್ಲ ಮಾರಾಯ್ರೇ, ಅಸಲಿ ಸಮಸ್ಯೆ ಇನ್ನು ಶುರು. ಎಲ್ಲರೂ ಪತ್ತೆಯ ವೇಗದ ಬಗ್ಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಕಷ್ಟದ ಕೆಲಸ ಪತ್ತೆಯಲ್ಲ, ಹಿಡಿಯುವುದು.

ಲೆಕ್ಕ ಹಾಕಿ ನೋಡಿ. ಗಾಳಿಯನ್ನು ಸುಳಿಯ ಹಾಗೆ ತಿರುಗಿಸಿ ಕಣ ಹಿಡಿಯುವ, ನಿಮಿಷಕ್ಕೆ 300 ಲೀಟರ್ ಎಳೆಯುವ ಸೈಕ್ಲೋನ್ ಸಾಂಪ್ಲರನ್ನು ಹತ್ತು ನಿಮಿಷ ಓಡಿಸಿದಿರಿ ಎನ್ನೋಣ. 3,000 ಲೀಟರ್ ಗಾಳಿ ಆಯಿತು. ಅದರಲ್ಲಿದ್ದ ಕಣಗಳು 15 ಮಿಲಿಲೀಟರ್ ನೀರಿಗೆ ಇಳಿದವು. ಲ್ಯಾಂಪ್ ಟ್ಯೂಬಿಗೆ ಅದರಿಂದ ಹೋಗುವುದು ಎಷ್ಟು? ಐದು ಮೈಕ್ರೋಲೀಟರ್. ಮೂರು ಸಾವಿರದಲ್ಲಿ ಒಂದು ಪಾಲು. ಅಂದರೆ ಅಷ್ಟು ಗದ್ದಲ ಮಾಡಿ ಎಳೆದ ಗಾಳಿಯಲ್ಲಿ ನಿಜವಾಗಿ ಪರೀಕ್ಷೆ ಆದದ್ದು ಒಂದು ಲೀಟರ್! ಸುಮ್ನೆ ಕೂತವರೊಬ್ಬರು ಹತ್ತು ಸೆಕೆಂಡಿನಲ್ಲಿ ಅಷ್ಟನ್ನು ಉಸಿರಾಡುತ್ತಾರೆ. ವಾರ್ಡಿನಲ್ಲಿ ನೂರು ಲೀಟರಿಗೆ ಒಂದು ಬ್ಯಾಕ್ಟೀರಿಯಾ ಇದ್ದರೆ ಈ ಪರೀಕ್ಷೆ ಹೆಚ್ಚಿನ ಸಲ "ಇಲ್ಲ" ಎಂದೇ ಹೇಳುತ್ತದೆ. ಬ್ಯಾಕ್ಟೀರಿಯಾ ಇತ್ತು, ಟ್ಯೂಬಿಗೆ ಬರಲಿಲ್ಲ, ಅಷ್ಟೇ.

ಆದ್ದರಿಂದ ಒಳ್ಳೆಯ ಕೆಲಸ ಮಾಡುವವರು ಆ ದ್ರವವನ್ನು ಮೊದಲು ಸಾಂದ್ರ ಮಾಡುತ್ತಾರೆ. ಫಿಲ್ಟರಿನಲ್ಲಿ ಸೋಸುತ್ತಾರೆ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಅಡಿಗೆ ಇಳಿಸುತ್ತಾರೆ, ಅಥವಾ ಆಯಸ್ಕಾಂತದ ಮಣಿಗಳಿಗೆ ಡಿಎನ್‌ಎ ಅಂಟಿಸಿ ಎತ್ತುತ್ತಾರೆ. ವಿದ್ಯುತ್ ಚಾರ್ಜ್ ಕೊಟ್ಟು ಕಣಗಳನ್ನು ಕೆಲವೇ ಹನಿ ದ್ರವಕ್ಕೆ ಎಳೆದುಕೊಳ್ಳುವ ಸಾಂಪ್ಲರ್‌ಗಳೂ ಇವೆ, ಸದ್ದೂ ಕಮ್ಮಿ. ನನಗೆ ಆಸೆ ಇರುವುದು ಇವುಗಳ ಮೇಲೆಯೇ. ಒಂದು ಗಂಟೆಯ ಕಿಟ್ ಎಂದು ಯಾರಾದರೂ ಹೇಳಿದರೆ ಆ ಗಂಟೆಯಲ್ಲಿ ಗಾಳಿ ಹಿಡಿದದ್ದು, ಸಾಂದ್ರ ಮಾಡಿದ್ದು, ಬ್ಯಾಕ್ಟೀರಿಯಾ ಒಡೆದದ್ದು ಸೇರಿದೆಯಾ ಎಂದು ಕೇಳಿ. ಸಾಮಾನ್ಯವಾಗಿ ಸೇರಿರುವುದಿಲ್ಲ.

ಜೀನ್ ಸಿಕ್ಕಿತು ಅಂದರೆ ರೋಗ ಬಂತು ಅಂತಲೇ ಅಲ್ವಾ?

ಅಂಗಳದಲ್ಲಿ ಹಾವಿನ ಪೊರೆ ಸಿಕ್ಕಿದ ಹಾಗೆ. ಹಾವು ಬಂದದ್ದು ಖಂಡಿತ. ಈಗ ಬದುಕಿದೆಯಾ, ಇಲ್ಲೇ ಇದೆಯಾ, ನಾಗರವೋ ಕೇರೆಯೋ ಎಂಬುದನ್ನು ಪೊರೆ ಸಿಕ್ಕಿದ್ದರಿಂದಲೇ ಹೇಳಲಾಗದು.

ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಟ್ಯೂಬಿನಲ್ಲಿ ಬಣ್ಣ ಬದಲಿಸುತ್ತದೆ. ಇದಕ್ಕೆ ಪಿಎಂಎ ಎಂಬ ಒಂದು ಬಣ್ಣ ಬಳಸುತ್ತಾರೆ. ಅದು ಹೊರಪದರ ಒಡೆದ ಸತ್ತ ಜೀವಕೋಶದೊಳಗೆ ಮಾತ್ರ ನುಗ್ಗಿ, ಬೆಳಕು ಬಿದ್ದಾಗ ಡಿಎನ್‌ಎಗೆ ಅಂಟಿ ಪರೀಕ್ಷೆಗೆ ಸಿಗದ ಹಾಗೆ ಮಾಡುತ್ತದೆ. ಪೂರ್ತಿ ನಂಬುವ ಹಾಗಿಲ್ಲ, ಆದರೂ ಇಲ್ಲದ್ದಕ್ಕಿಂತ ವಾಸಿ.

ಯಾರ ಜೀನ್ ಎಂಬುದೂ ಮುಖ್ಯ. ಮೆಕ್‌ಎ ಜೀನ್ ಎಂಆರ್‌ಎಸ್‌ಎ ಎಂಬ, ಮೆಥಿಸಿಲಿನ್‌ಗೆ ಬಗ್ಗದ ಅಪಾಯದ ಸ್ಟಫೈಲೊಕಾಕಸ್‌ನಲ್ಲಿ ಮಾತ್ರ ಇರುವುದಲ್ಲ. ನಮ್ಮೆಲ್ಲರ ಚರ್ಮದ ಮೇಲಿರುವ ಸಾಧು ಸ್ಟಫೈಲೊಕಾಕಸ್‌ಗಳಲ್ಲೂ ಇರಬಹುದು. ಶನಿವಾರದ ಸಂತೆಯ ಗಾಳಿಯಲ್ಲೋ ತುಂಬಿದ ಬಸ್ಸಿನಲ್ಲೋ ಮೆಕ್‌ಎ ಸಿಕ್ಕಿತೆಂದು ಗಾಬರಿ ಪಡಬೇಕಾಗಿಲ್ಲ. ಆ ಜೀನ್ ಅಪಾಯದ ಬ್ಯಾಕ್ಟೀರಿಯಾದ ಒಳಗೇ ಕೂತಿದೆಯಾ ಎಂದು ತೋರಿಸುವ ಪರೀಕ್ಷೆ ಬೇಕು.

ಕ್ಷಯಕ್ಕೆ ಟ್ರೂನಾಟ್ ಯಂತ್ರ ಇದೆಯಲ್ಲ, ಗಾಳಿಯನ್ನು ಅದಕ್ಕೇ ಹಾಕಬಾರದಾ?

ಒಳ್ಳೆಯ ಪ್ರಶ್ನೆ. ಟ್ರೂನಾಟ್ ಗೋವಾದಲ್ಲಿ ತಯಾರಾಗುವುದು, ಬ್ಯಾಟರಿಯಲ್ಲಿ ಓಡುತ್ತದೆ, ರಿಫಾಂಪಿಸಿನ್ ಎಂಬ ಮದ್ದಿಗೆ ಕ್ಷಯದ ಬ್ಯಾಕ್ಟೀರಿಯಾ ಬಗ್ಗುತ್ತದಾ ಎಂದೂ ಹೇಳುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿದೆ. ಆದರೆ ಅದನ್ನು ಪರೀಕ್ಷಿಸಿ ಒಪ್ಪಿದ್ದು ಕಫಕ್ಕೆ. ಕಫದ ಒಂದು ಮಿಲಿಲೀಟರಿನಲ್ಲಿ ಸಾವಿರಗಟ್ಟಲೆ ಇದ್ದರೆ ಕೋಣೆಯ ಗಾಳಿಯಲ್ಲಿ ಅಲ್ಲೊಂದು ಇಲ್ಲೊಂದು.

ಇದಕ್ಕೆ ಕೆಲವು ಸಂಶೋಧಕರು ಜಾಣತನದ ದಾರಿ ಹಿಡಿದಿದ್ದಾರೆ. ಕೋಣೆಯ ಗಾಳಿಯ ಹಿಂದೆ ಓಡುವ ಬದಲು ರೋಗಿ ಹಾಕುವ ಮಾಸ್ಕಿನೊಳಗೇ ಒಂದು ಪಟ್ಟಿ ಇಟ್ಟು, ಸ್ವಲ್ಪ ಹೊತ್ತು ಉಸಿರಾಡಿದ ಮೇಲೆ ಆ ಪಟ್ಟಿಯನ್ನು ಪರೀಕ್ಷೆ ಮಾಡುತ್ತಾರೆ. ಬ್ಯಾಕ್ಟೀರಿಯಾ ಗಾಳಿಯಲ್ಲಿ ಚದುರುವ ಮೊದಲೇ ಸಿಕ್ಕಿಬಿಡುತ್ತದೆ. ಕಫ ಬಾರದ ಮಕ್ಕಳಿಗೆ ಇಂಥದ್ದು ಬಂದರೆ ದೊಡ್ಡ ಉಪಕಾರ.

ಆನ್‌ಲೈನಿನಲ್ಲಿ ಏರ್ ಕ್ವಾಲಿಟಿ ಮೀಟರ್ ಸಿಗುತ್ತದೆ. ಅದು ಸಾಕಾಗುವುದಿಲ್ವಾ?

ಸಾಕಾಗುವುದಿಲ್ಲ. ಅದು ಕಣದ ಮೇಲೆ ಬೆಳಕು ಬಿಟ್ಟು ಎಣಿಸುವುದು. ಅದಕ್ಕೆ ಅಡಿಕೆ ಸುಲಿಯುವ ಹುಡಿಯೂ ಒಂದೇ, ಬ್ಯಾಕ್ಟೀರಿಯಾವೂ ಒಂದೇ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ತೆಗೆದುಕೊಳ್ಳಿ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು, ಇರುತ್ತದೆ. ತರಗತಿಯಲ್ಲೋ ಕ್ಲಿನಿಕ್ಕಿನಲ್ಲೋ ಅದು ಸಾವಿರ, ಸಾವಿರದೈನೂರು ದಾಟುತ್ತಿದ್ದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ.

ನಮ್ಮ ಮನೆ ಪಕ್ಕ ಕೋಳಿ ಫಾರ್ಮ್ ಇದೆ. ಗಾಳಿ ಪರೀಕ್ಷೆ ಮಾಡಿಸಬೇಕಾ?

ಮೊದಲು ಫಾರ್ಮಿನವರ ಹತ್ತಿರ ಮಾತಾಡಿ. ಕೋಳಿಗೆ ಯಾವ ಮದ್ದು, ಯಾವಾಗ, ಯಾರ ಚೀಟಿಯಲ್ಲಿ ಕೊಡುತ್ತಾರೆ ಎಂದು ಗೊತ್ತಾದರೆ ಅರ್ಧ ವಿಷಯ ತಿಳಿದ ಹಾಗೆ. ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ಕೇಂದ್ರ ಸರಕಾರ 2019ರ ಜುಲೈಯಲ್ಲಿ ನಿಷೇಧಿಸಿದೆ. ಮನುಷ್ಯರಿಗೆ ಅದು ಕೊನೆಯ ಮದ್ದುಗಳಲ್ಲಿ ಒಂದು.

ಶೆಡ್ಡಿನ ಒಳಗೆ ಹುಡಿ ಜಾಸ್ತಿ, ಅದರಲ್ಲಿ ಬ್ಯಾಕ್ಟೀರಿಯಾವೂ ಜಾಸ್ತಿ. ಹೊರಗೆ ದೂರ ಹೋದ ಹಾಗೆ ಬೇಗ ಕಮ್ಮಿಯಾಗುತ್ತದೆ. ಹಾಗಾಗಿ ಹೆಚ್ಚು ಅಪಾಯ ನೆರೆಯವರಿಗಲ್ಲ, ಒಳಗೆ ಕೆಲಸ ಮಾಡುವವರಿಗೆ. ಹಿಕ್ಕೆ ಕೆರೆದು ಲಾರಿಗೆ ತುಂಬುವ ದಿನವಂತೂ ಮಾಸ್ಕ್ ಇಲ್ಲದೆ ನಿಲ್ಲಬಾರದು. ಅದೇ ಅಂಗಿಯಲ್ಲಿ ಮನೆಯೊಳಗೆ ಬಂದು ಮಗುವನ್ನು ಎತ್ತಿಕೊಳ್ಳುವುದು ಬೇಡ. ಆ ಹಿಕ್ಕೆಯನ್ನು ಹಸಿಯಾಗಿಯೇ ಅಡಿಕೆ ಬುಡಕ್ಕೆ ಹಾಕುವವರಿದ್ದಾರೆ. ರಾಶಿ ಹಾಕಿ ಚೆನ್ನಾಗಿ ಕಾವು ಬಂದು ಕೊಳೆತ ಮೇಲೆ ಹಾಕಿದರೆ ಬ್ಯಾಕ್ಟೀರಿಯಾ ತುಂಬಾ ಇಳಿಯುತ್ತದೆ.

ಪರೀಕ್ಷೆ ಮಾಡಲೇಬೇಕಾಗಿ ಬಂದರೆ ಒಂದೇ ಕಡೆಯ ಮಾದರಿ ಪ್ರಯೋಜನಕ್ಕಿಲ್ಲ. ಗಾಳಿ ಬೀಸಿ ಬರುವ ಬದಿಯಲ್ಲಿ ಒಂದು, ಶೆಡ್ಡಿನ ಒಳಗೆ ಒಂದು, ಗಾಳಿ ಹೋಗುವ ಬದಿಯಲ್ಲಿ ಒಂದು, ಮೂರನ್ನೂ ಒಂದೇ ದಿನ, ಒಂದೇ ಹೊತ್ತಿನಲ್ಲಿ ತೆಗೆಯಬೇಕು. ನಮ್ಮಲ್ಲಿ ಹಗಲು ಕಡಲ ಗಾಳಿ, ರಾತ್ರಿ ನೆಲದ ಗಾಳಿ. ಬೆಳಗ್ಗೆ ಒಂದು, ಸಂಜೆ ಒಂದು ತೆಗೆದರೆ ದಿಕ್ಕೇ ತಿರುಗಿರುತ್ತದೆ. ಬೇಗ ಉತ್ತರ ಕೊಡುವ ಕಿಟ್ ಇಂಥಲ್ಲಿ ನಿಜವಾಗಿ ಉಪಯೋಗ, ಮೂರೂ ಕಡೆಯದ್ದನ್ನು ಅಲ್ಲೇ ನಿಂತು ಹೋಲಿಸಬಹುದು.

ಅಜ್ಜ ಐಸಿಯುನಲ್ಲಿದ್ದಾರೆ. ಗಾಳಿ ಪರೀಕ್ಷೆ ಮಾಡಿಸಿ ಅಂತ ಆಸ್ಪತ್ರೆಯವರನ್ನು ಕೇಳಬಹುದಾ?

ಕೇಳಬಹುದು, ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಗಳಿವೆ. ಕಾರಣ ಇಲ್ಲದೆ ಅಲ್ಲಲ್ಲಿ ಗಾಳಿಯ ಮಾದರಿ ತೆಗೆಯುವುದನ್ನು ಸೋಂಕು ನಿಯಂತ್ರಣದವರು ಪ್ರೋತ್ಸಾಹಿಸುವುದಿಲ್ಲ. ಒಂದೇ ಬ್ಯಾಕ್ಟೀರಿಯಾ ಹಲವು ರೋಗಿಗಳಲ್ಲಿ ಒಮ್ಮೆಲೇ ಕಂಡಾಗ, ಅಥವಾ ಆಪರೇಷನ್ ಥಿಯೇಟರ್ ರಿಪೇರಿ ಆದ ಮೇಲೆ ಪರೀಕ್ಷೆಗೆ ಅರ್ಥ ಇದೆ.

ನೀವು ಕೇಳಬೇಕಾದದ್ದು: ಅಜ್ಜನ ಕಲ್ಚರ್ ರಿಪೋರ್ಟ್ (ರೋಗಿಯ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡಿದ ವರದಿ) ಬಂತಾ? ಯಾವ ಮದ್ದು ನಾಟುತ್ತದೆ ಎಂದಿದೆ? ನಾವು ಒಳಗೆ ಹೋಗುವಾಗ ಕೈ ಎಲ್ಲಿ ತೊಳೆಯಬೇಕು? ಸಾದಾ ವಾರ್ಡಿನಲ್ಲಿದ್ದರೆ ಕಿಟಕಿ ತೆರೆಯಬಹುದಾ? ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಎಷ್ಟೋ ಕೋಣೆಗಳು ಇದರ ಹತ್ತಿರವೂ ಬರುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಂಗಳೂರಿನಲ್ಲಿ ದಿನಗಟ್ಟಲೆ ಅಡ್ಮಿಟ್ ಆಗಿ, ಗಡಿಯ ತಲಪಾಡಿ ದಾಟಿ ಬಂದು ಇಲ್ಲಿನ ಆಸ್ಪತ್ರೆಗೆ ಸೇರುವವರು ತುಂಬಾ ಜನ. ಡಿಸ್ಚಾರ್ಜ್ ಸಮರಿ ಜೊತೆ ಕಲ್ಚರ್ ರಿಪೋರ್ಟನ್ನೂ ಕೇಳಿ ತನ್ನಿ. ಇಲ್ಲಿನ ಡಾಕ್ಟರಿಗೆ ಅದು ಸಿಕ್ಕಿದರೆ ಮದ್ದು ಆರಿಸುವುದರಲ್ಲಿ ಎರಡು ಮೂರು ದಿನ ಉಳಿಯುತ್ತದೆ. ಯಾವ ಗಾಳಿ ಯಂತ್ರವೂ ಇಷ್ಟು ಸಹಾಯ ಮಾಡದು.

ಪ್ಲಸ್ ಟು ಮಕ್ಕಳು ಇದನ್ನೇ ಪ್ರಾಜೆಕ್ಟ್ ಮಾಡಬಹುದಾ?

ತಟ್ಟೆ ಇಟ್ಟು ತರಗತಿ, ಕ್ಯಾಂಟೀನ್, ಅಂಗಳ ಹೋಲಿಸಬಹುದು. ಟೀಚರ್ ಜೊತೆಗಿರಬೇಕು. ಮುಚ್ಚಳಕ್ಕೆ ಟೇಪ್ ಹಾಕಿ, ಬೆಳೆದ ಮೇಲೆ ತೆರೆಯಬೇಡಿ, 37 ಡಿಗ್ರಿಯಲ್ಲಿ ಇಡಬೇಡಿ. ಕೊನೆಗೆ 121 ಡಿಗ್ರಿ ಬಿಸಿಯ ಆಟೋಕ್ಲೇವಿನಲ್ಲಿ ಕೊಂದು ಎಸೆಯಿರಿ. ತಟ್ಟೆಗೆ ಆ್ಯಂಟಿಬಯಾಟಿಕ್ ಸೇರಿಸುವುದು ಮಾತ್ರ ಬೇಡವೇ ಬೇಡ. ಬಗ್ಗದವುಗಳನ್ನೇ ಆರಿಸಿ ಬೆಳೆಸಿದ ಹಾಗಾಗುತ್ತದೆ. ಆಸಕ್ತಿ ಇದ್ದವರು ಮುಂದೆ ಓದಲು ದೂರ ಹೋಗಬೇಕಾಗಿಲ್ಲ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀನೋಮಿಕ್ ಸೈನ್ಸ್ ವಿಭಾಗವೇ ಇದೆ.

ಯಾರಾದರೂ ಗಾಳಿಯ ರಿಪೋರ್ಟ್ ತೋರಿಸಿದರೆ ಏನು ನೋಡಬೇಕು?

ಎಷ್ಟು ಲೀಟರ್ ಗಾಳಿ ಎಂದು ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಮಡಚಿಡಿ. ಇದ್ದರೆ ಮುಂದಿನದು: ಸಿಕ್ಕಿದ್ದು ಬದುಕಿದ ಬ್ಯಾಕ್ಟೀರಿಯಾವೋ ಬರೀ ಜೀನೋ? ಕಿಟಕಿ ತೆರೆದಿತ್ತಾ, ಕೋಣೆಯಲ್ಲಿ ಎಷ್ಟು ಜನ ಇದ್ದರು? ಸಾಂಪ್ಲರನ್ನು ಅಲ್ಲಿಗೆ ಒಯ್ದು, ಗಾಳಿ ಎಳೆಯದೆ ಹಾಗೇ ತಂದು ಪರೀಕ್ಷಿಸಿದ ಖಾಲಿ ಮಾದರಿ ಇದೆಯಾ? ಆ ಖಾಲಿಯಲ್ಲೂ ಜೀನ್ ಸಿಕ್ಕಿದ್ದರೆ ಬಂದದ್ದು ಗಾಳಿಯಿಂದಲ್ಲ, ಪರೀಕ್ಷೆ ಮಾಡಿದವರ ಕೈಯಿಂದಲೋ ಡಬ್ಬಿಯಿಂದಲೋ. ಇನ್ನು "ಮಿತಿಗಿಂತ ಹೆಚ್ಚು" ಎಂದು ಬರೆದಿದ್ದರೆ ಯಾವ ಮಿತಿ ಎಂದು ಕೇಳಿ. ಗಾಳಿಯಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಇಷ್ಟೇ ಇರಬಹುದು ಎಂಬ ಕಾನೂನು ಮಿತಿ ನಮ್ಮ ದೇಶದಲ್ಲಿಲ್ಲ.

ಮದ್ದಿನಂಗಡಿಯಲ್ಲಿ ಈಗ ಚೀಟಿ ಇಲ್ಲದೆ ಕೊಡುವುದಿಲ್ಲ. ಇದಕ್ಕೂ ಗಾಳಿಗೂ ಏನು ಸಂಬಂಧ?

ಗಾಳಿಗೆ ಬರುವುದು ನಮ್ಮ ಹೊಟ್ಟೆ, ಮೂಗು, ಚರ್ಮದಲ್ಲಿ ತಯಾರಾದದ್ದೇ ತಾನೇ? ಕೇರಳ 2018ರಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ತಡೆಯಲೆಂದೇ ರಾಜ್ಯದ ಕ್ರಿಯಾ ಯೋಜನೆ ಮಾಡಿತು. 2024ರಲ್ಲಿ ಆಪರೇಷನ್ ಅಮೃತ್ ಎಂದು ಅಂಗಡಿಗಳ ತಪಾಸಣೆ ಶುರು ಮಾಡಿತು. ಆ್ಯಂಟಿಬಯಾಟಿಕನ್ನು ನೀಲಿ ಕವರಿನಲ್ಲಿ ಕೊಡುವ ಕ್ರಮವೂ ಬಂತು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಕವರಿನ ಮಲಯಾಳ ಓದಲು ಬಾರದಿದ್ದರೆ ನಾಚಿಕೆ ಬೇಡ, ಎಷ್ಟು ದಿನ, ಎಷ್ಟು ಹೊತ್ತಿಗೆ ಎಂದು ಅಂಗಡಿಯವರ ಹತ್ತಿರವೇ ಬಾಯಿಬಿಟ್ಟು ಕೇಳಿ. ಉಳಿದ ಮಾತ್ರೆಯನ್ನು ನೆರೆಮನೆಯ ಶೀತಕ್ಕೆ ದಾನ ಮಾಡಬೇಡಿ, ತೋಡಿಗೂ ಎಸೆಯಬೇಡಿ.

ಧೂಪ, ಲೋಬಾನ ಹಾಕಿದರೆ ಗಾಳಿಯ ಬ್ಯಾಕ್ಟೀರಿಯಾ ಸಾಯುತ್ತದಾ?

ದೇವರಿಗೆ ಹಾಕಿ, ಬ್ಯಾಕ್ಟೀರಿಯಾಕ್ಕೆಂದು ಹಾಕಬೇಡಿ. ಕೆಮ್ಮುವವರಿರುವ ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬಿಸಿದರೆ ಅವರ ಶ್ವಾಸಕೋಶಕ್ಕೇ ಪೆಟ್ಟು. ಮಳೆ ಜೋರಿದ್ದು ಎಲ್ಲ ಕಿಟಕಿ ತೆರೆಯಲಾಗದಿದ್ದರೆ, ಮಳೆ ಹೊಡೆಯದ ಬದಿಯದ್ದೊಂದು, ಎದುರು ಬದಿಯಲ್ಲಿ ಸೂರಿನ ಕೆಳಗಿನದ್ದೊಂದು ತೆರೆದಿಡಿ. ಟೇಬಲ್ ಫ್ಯಾನನ್ನು ರೋಗಿಯ ಮುಖಕ್ಕೆ ಹಿಡಿಯುವ ಬದಲು ಕಿಟಕಿಯ ಕಡೆಗೆ, ಹೊರಗೆ ಬೀಸುವ ಹಾಗೆ ಇಡಿ.